ಸಾಧನ ಮೊದಲೋ, ಸಾಧನೆ ಮೊದಲೋ?

ಸಂಸಾರವೆಂದ ಮೇಲೆ ಬೇಕು-ಬೇಡಗಳ ತೂಗಾಟ ತಪ್ಪಿದ್ದಲ್ಲ. ಇದ್ದ ವಸ್ತುವಿನಲ್ಲಿಯೇ ಕೆಲಸ ಸಾಗಿಸುವುದು ಜಾಣತನವೋ, ಕಾಲಕ್ಕೆ ತಕ್ಕಂತೆ ಹೊಸದನ್ನು ತರುವುದು ಜಾಣತನವೋ ಎಂಬ ಪ್ರಶ್ನೆ ಪ್ರತಿಯೊಂದು ಮನೆಯ ಪಡಸಾಲೆಯಲ್ಲಿಯೂ ಒಂದಿಲ್ಲೊಂದು ದಿನ ಚರ್ಚೆಗೆ ಬಂದೇ ಬರುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಬೀಸುವ ಕಲ್ಲನ್ನು ಬಿಟ್ಟು ಹಿಟ್ಟಿನ ಗಿರಣಿಗೆ ಹೋಗುವ ವಿಷಯದಲ್ಲಿ ಈ ಪ್ರಶ್ನೆ ಎದ್ದಿತ್ತು. ಒಲೆಯನ್ನು ಬಿಟ್ಟು ಗ್ಯಾಸಿಗೆ ಹೋಗುವಾಗಲೂ ಎದ್ದಿತ್ತು. ಈಚೆಗೆ ನಮ್ಮ ಮನೆಯಲ್ಲಿ ಅದು ತೀರ ಹೊಸದೊಂದು ರೂಪದಲ್ಲಿ, ಗಿಟಾರ್ ವಾದನವನ್ನು ಮನೆಯಲ್ಲಿಯೇ ಧ್ವನಿಮುದ್ರಿಸುವ ಉಪಕರಣಗಳ ವಿಷಯದಲ್ಲಿ ತಲೆದೋರಿತು. ಎರಡು ತಿಂಗಳ ಕಾಲ ನಾವೆಲ್ಲರೂ ಕೂಡಿ ನಡೆಸಿದ ಆ ವಿಚಾರವನ್ನು ಓದುಗ ಬಂಧುಗಳ ಮುಂದಿಡುವುದು ಉಪಯುಕ್ತವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಧಾರವಾಡದಲ್ಲಿ ಮನೆ ಮಾಡಿರುವ ನಮಗೆ ಸಂಗೀತವೇನೂ ಹೊಸದಲ್ಲ. 1950ರಲ್ಲಿ ಆರಂಭವಾದ ಇಲ್ಲಿಯ ಆಕಾಶವಾಣಿ ಕೇಂದ್ರದ ಕಾರ್ಯಕ್ರಮಗಳನ್ನು ಕೇಳುತ್ತಲೇ ನಮ್ಮ ತಲೆಮಾರು ಬೆಳೆಯಿತು. ಆದರೆ ನಮ್ಮ ಮಗಳು ಕೈಗೆತ್ತಿಕೊಂಡದ್ದು ತಂಬೂರಿಯನ್ನಲ್ಲ, ಸಿತಾರನ್ನೂ ಅಲ್ಲ. ಆರು ತಂತಿಯ ಗಿಟಾರನ್ನು. ಪರದೇಶದ ವಾದ್ಯವೆಂದು ಮೊದಮೊದಲು ಬಂಧುಗಳಲ್ಲಿ ಕೆಲವರು ಮೂಗು ಮುರಿದದ್ದುಂಟು. 1967ರಷ್ಟು ಹಿಂದೆಯೇ ಬ್ರಿಜ್ ಭೂಷಣ ಕಾಬ್ರಾ ಅವರು ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ ಚೌರಾಸಿಯಾ ಅವರೊಡನೆ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಿಕೆಯಲ್ಲಿ ಗಿಟಾರಿನ ಮೇಲೆ ಹಿಂದುಸ್ತಾನಿ ರಾಗಗಳನ್ನು ನುಡಿಸಿದ್ದನ್ನು ಕೇಳಿಸಿದ ಮೇಲೆ ಅವರು ಸುಮ್ಮನಾದರು.

ಮಗಳು ಧ್ವನಿಮುದ್ರಣಕ್ಕೆ ಕೈಹಾಕಿದ್ದು ಕೀರ್ತಿಯ ಆಸೆಯಿಂದಲ್ಲ. ನಮ್ಮ ತಾಯಿಯವರು ಸೊಲ್ಲಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ವಯಸ್ಸು 84, ಓಡಾಟ ನಿಂತಿದೆ, ದೃಷ್ಟಿ ಮಂಜಾಗಿದೆ, ಕಿವಿ ಮಾತ್ರ ಚುರುಕಾಗಿದೆ. ಅವರ ಬಾಯಲ್ಲಿ ಬೀಸುವ ಕಲ್ಲಿನ ಪದಗಳು, ಜೋಗುಳಗಳು, ಸೋಬಾನೆ ಪದಗಳು ಇಂದಿಗೂ ಉಳಿದಿವೆ. ಆ ಧಾಟಿಗಳನ್ನು ಮೊಮ್ಮಗಳು ಫೋನಿನಲ್ಲಿ ಕೇಳಿ, ಗಿಟಾರಿನ ಮೇಲೆ ಕೂಡಿಸಿ, ಮುದ್ರಿಸಿ ಅಜ್ಜಿಗೆ ಕಳಿಸುವ ಪರಿಪಾಠ ಬೆಳೆಯಿತು. ಅಜ್ಜಿ ಕೇಳಿ “ಇಲ್ಲಿ ಎಳಿಬೇಕವ್ವಾ, ಇಲ್ಲಿ ಕುಂದ್ರಬೇಕು” ಎಂದು ತಿದ್ದುತ್ತಾರೆ. ತಿದ್ದಿದ್ದನ್ನು ಮತ್ತೆ ನುಡಿಸಿ ಕಳಿಸಬೇಕು. ಆಯಿ ಮತ್ತು ಮೊಮ್ಮಗಳ ನಡುವೆ ನಡೆದಿರುವ ಈ ವಿದ್ಯೆಯ ಕೊಡುಕೊಳ್ಳುವಿಕೆಗೆ ಒಂದು ಗಡುವು ಉಂಟೆಂಬುದನ್ನು ನಾವು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಎಲ್ಲರೂ ಬಲ್ಲೆವು.

ಮನೆಯಲ್ಲಿದ್ದ ಸಾಮಗ್ರಿ ಇಷ್ಟೆ: ಗಣಕಯಂತ್ರಕ್ಕೆ ನೇರವಾಗಿ ಜೋಡಿಸುವ ಒಂದು ಯುಎಸ್‌ಬಿ ಮೈಕು, ಹಳೆಯ ಲ್ಯಾಪ್‌ಟಾಪು, ಮೈಕನ್ನು ಎತ್ತರಿಸಲು ನಾಲ್ಕು ದಪ್ಪ ಪುಸ್ತಕಗಳು. ಒಂದು ಸಂಜೆ ಮಗಳು ಬಂದು, “ಅಪ್ಪಾಜಿ, ನಾ ಬಾರಿಸೋದು ಒಂದು, ಇದರಾಗ ಕೇಳೋದು ಇನ್ನೊಂದು. ಆಯಿ ಹಾಡು ಮುಂದಿನವರಿಗೆ ಉಳೀಬೇಕಂದ್ರ ಚಲೋ ಮೈಕ್ ಬೇಕಾಗತೈತಿ” ಎಂದು ಒಂದು ಪಟ್ಟಿಯನ್ನು ಮುಂದಿಟ್ಟಳು. ಎರಡು ಕಂಡೆನ್ಸರ್ ಮೈಕುಗಳಿಗೆ ₹24,000, ಅವುಗಳ ನಾದವನ್ನು ಗಣಕಯಂತ್ರಕ್ಕೆ ಸಾಗಿಸುವ ಆಡಿಯೋ ಇಂಟರ್‌ಫೇಸಿಗೆ ₹14,000, ಸ್ಟ್ಯಾಂಡು ಮತ್ತು ಕೇಬಲ್ಲುಗಳಿಗೆ ₹4,500, ಒಟ್ಟು ₹42,500. ಅರ್ಧ ಹಣ ಅವಳು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ್ದು. ಉಳಿದರ್ಧ ನಾವು ಕೊಡಬೇಕೆಂಬುದು ಕೋರಿಕೆ.

ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಾಗೆಂದು ಒಮ್ಮೆಲೇ ಬೇಡವೆನ್ನಲೂ ಮನಸ್ಸು ಬರಲಿಲ್ಲ. ಅದಕ್ಕೊಂದು ಕಾರಣವುಂಟು. ನಮ್ಮ ತಂದೆಯವರು ಸುಗ್ಗಿಯ ಕಾಲದಲ್ಲಿ ಕಣದ ಸುತ್ತ ಎತ್ತು ಹೊಡೆಯುತ್ತ ಹಂತಿ ಪದ ಹಾಡುತ್ತಿದ್ದರು. 1991ರಲ್ಲಿ ಬಂಧುವೊಬ್ಬರು ತಮ್ಮ ಟೇಪ್ ರೆಕಾರ್ಡರಿನಲ್ಲಿ ಅದನ್ನು ತುಂಬಿಕೊಂಡರು. ತಂದೆಯವರು ಹೋಗಿ ವರ್ಷಗಳಾದವು. ಆ ಕ್ಯಾಸೆಟ್ಟು ಮಾತ್ರ ಉಳಿದಿದೆ. ಅದರಲ್ಲಿ ಟೇಪಿನ ಸುಂಯ್‌ಗುಡುವಿಕೆಯ ಹಿಂದೆ ಪದದ ಅರ್ಧ ಮಾತುಗಳು ಮುಳುಗಿಹೋಗಿವೆ. ಎಷ್ಟು ಸಲ ಕೇಳಿದರೂ ಎರಡನೆಯ ನುಡಿಯ ಕೊನೆ ತಿಳಿಯುವುದಿಲ್ಲ. ಒಮ್ಮೆ ಹಿಡಿಯದೆ ಬಿಟ್ಟ ಧ್ವನಿಯನ್ನು ಮುಂದೆ ಯಾವ ಯಂತ್ರವೂ ಪೂರ್ತಿಯಾಗಿ ಮರಳಿ ತಂದುಕೊಡಲಾರದು. ಆದ್ದರಿಂದ ಮಗಳ ಮಾತಿನಲ್ಲಿ ನ್ಯಾಯವಿತ್ತು. ಅವಳು ಕೇಳಿದ್ದು ಆಟದ ಸಾಮಾನನ್ನಲ್ಲ. ನಾವು ನಿಶ್ಚಯಿಸಬೇಕಾದದ್ದು ಇಷ್ಟು: ಧ್ವನಿ ಕೆಡುತ್ತಿರುವುದು ಎಲ್ಲಿ? ಅದನ್ನು ತಿಳಿಯದೆ ಹಣ ಹಾಕುವುದೆಂದರೆ, ಸೋರುವ ಜಾಗವನ್ನು ಹುಡುಕದೆ ಮಾಳಿಗೆಯನ್ನೆಲ್ಲ ಕಿತ್ತು ಹಾಕಿದಂತೆ.

ಆಗ ನಾವು ಮಗಳಿಂದಲೇ ಪಾಠ ಹೇಳಿಸಿಕೊಂಡೆವು. ಮೈಕೆಂದರೆ ಗಾಳಿಯ ಅಲೆಯನ್ನು ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸುವ ಸಾಧನ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಡೈನಮಿಕ್ ಮೈಕಿನಲ್ಲಿ ಪದರಕ್ಕೆ ಅಂಟಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ತು ಹುಟ್ಟುತ್ತದೆ. ಸಭೆ ಸಮಾರಂಭಗಳಲ್ಲಿ ಭಾಷಣಕಾರರ ಮುಂದೆ ಇರುವುದು ಬಹುಮಟ್ಟಿಗೆ ಇದೇ. ಕಂಡೆನ್ಸರ್ ಮೈಕಿನಲ್ಲಿ ವಿದ್ಯುತ್ತು ತುಂಬಿದ ತೀರ ತೆಳುವಾದ ಪದರವೊಂದು ಲೋಹದ ತಟ್ಟೆಯೆದುರು ಕಂಪಿಸುತ್ತದೆ. ಅದಕ್ಕೆ ಹೊರಗಿನಿಂದ ಸಾಮಾನ್ಯವಾಗಿ 48 ವೋಲ್ಟಿನ ಆಸರೆ ಬೇಕು. ಪದರ ಹಗುರವಾದುದರಿಂದ ತಂತಿಯನ್ನು ಉಗುರು ಮೀಟಿದ ಸೂಕ್ಷ್ಮವನ್ನೂ ಅದು ಹಿಡಿಯಬಲ್ಲದು. ಅಮೆರಿಕೆಯ ಇ. ಸಿ. ವೆಂಟೆ ಎಂಬವರು ಈ ಬಗೆಯ ಮೈಕನ್ನು 1916ರಲ್ಲಿ ರೂಪಿಸಿದರು. 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಅವರು ಶಾಶ್ವತವಾಗಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಪದರವನ್ನು ಬಳಸಿ ಎಲೆಕ್ಟ್ರೆಟ್ ಮೈಕನ್ನು ನಿರ್ಮಿಸಿದ ಮೇಲೆ ಅದು ಅಗ್ಗವಾಗಿ ಮನೆಮನೆಗೂ ಬಂದಿತು. ನಮ್ಮ ಮನೆಯ ಯುಎಸ್‌ಬಿ ಮೈಕು ಕೂಡ ಕಂಡೆನ್ಸರ್ ಜಾತಿಯದೇ. ದರ್ಜೆ ಸಾಧಾರಣದ್ದು, ಅಷ್ಟೆ.

ಇಷ್ಟು ತಿಳಿದ ಮೇಲೆ ಅವಳು ನುಡಿಸುವ ಕೋಣೆಗೆ ಹೋಗಿ ಕುಳಿತೆವು. ಅದು 10 ಅಡಿಗೆ 10 ಅಡಿಯ ಚೌಕದ ಕೋಣೆ. ಗಾರೆ ಮೆತ್ತಿದ ಬರಿಯ ಗೋಡೆ, ಕೆಳಗೆ ಶಹಾಬಾದ ಕಲ್ಲು. ಚಪ್ಪಾಳೆ ತಟ್ಟಿದರೆ ‘ಟಣ್’ ಎಂದು ಸದ್ದು ಮರಳುತ್ತಿತ್ತು. ಮಗಳು ನಟ್ಟನಡುವೆ ಕುರ್ಚಿ ಹಾಕಿಕೊಂಡು ನುಡಿಸುತ್ತಿದ್ದಳು. ಐದನೆಯ ತಂತಿಯನ್ನು ಮೀಟಿದಾಗಲೆಲ್ಲ ಅದೊಂದೇ ಸ್ವರ ಹೊಟ್ಟೆ ಉಬ್ಬಿಸಿಕೊಂಡಂತೆ ಗುಂಯ್ ಎನ್ನುತ್ತಿತ್ತು. ಮೈಕಿನ ದೋಷವೆಂದೇ ಅವಳು ತಿಳಿದಿದ್ದಳು. ಆದರೆ ಲೆಕ್ಕ ಹಾಕಿ ನೋಡಿದಾಗ ಸಂಗತಿ ಬೇರೆಯೇ ಆಗಿತ್ತು. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುತ್ತದೆ. 10 ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 56 ಬಾರಿ ಕಂಪಿಸುವ ನಾದವೂ, ಅದರ ಇಮ್ಮಡಿಯಾದ 112 ಕಂಪನಗಳ ನಾದವೂ ಹೋಗಿ ಬಂದು ಒಂದರ ಮೇಲೊಂದು ಕೂಡಿ ಬಲಗೊಳ್ಳುತ್ತವೆ. ಗಿಟಾರಿನ ಐದನೆಯ ತಂತಿಯ ಕಂಪನ 110. ಆ 112ರ ಅಲೆ ಉಬ್ಬುವುದು ಗೋಡೆಯ ಬಳಿಯಲ್ಲಿ ಮತ್ತು ಕೋಣೆಯ ನಟ್ಟನಡುವೆ. ಕೋಣೆ ಚೌಕವಾಗಿರುವುದರಿಂದ ಉದ್ದ ಮತ್ತು ಅಗಲ ಎರಡೂ ಕಡೆಯಿಂದ ಒಂದೇ ಸ್ವರಕ್ಕೆ ಬಲ ಸಿಗುತ್ತಿತ್ತು.

ಮಗಳು ಕುರ್ಚಿಯನ್ನು ನಡುವಿನಿಂದ ಎತ್ತಿ, ಒಂದು ಗೋಡೆಯಿಂದ ಮೂರೂವರೆ ಅಡಿಯಷ್ಟು ಸರಿಸಿ ಹಾಕಿಕೊಂಡಳು. ಗುಂಯ್ ಎನ್ನುವುದು ಅರ್ಧಕ್ಕರ್ಧ ಇಳಿಯಿತು. ಇದಕ್ಕೆ ನಯಾಪೈಸೆಯೂ ಖರ್ಚಾಗಲಿಲ್ಲ.

ಮುಂದಿನದು ಗೋಡೆಗಳ ಪ್ರತಿಧ್ವನಿ. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಸರಿಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಆದರೆ ಅಷ್ಟು ತೆಳುವಾದ ರಟ್ಟು ನಾದವನ್ನು ಹೀರುವುದು ಅತ್ಯಲ್ಪ. ನಾದವನ್ನು ಹೀರಬೇಕಾದರೆ ಎಳೆಎಳೆಯಾದ, ಗಾಳಿಯಾಡುವ, ದಪ್ಪನೆಯ ವಸ್ತು ಬೇಕು. ನಮ್ಮ ಕಡೆಯ ಮನೆಗಳಲ್ಲಿ ಅಂಥದೊಂದು ವಸ್ತು ತಲೆತಲಾಂತರದಿಂದ ಇದೆ, ಅದೇ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಕಿ ಹೊಲಿದ ಎರಡು ಕೌದಿಗಳನ್ನೂ, ತಮ್ಮನು ಕೊಟ್ಟ ಎರಡು ಸೊಲ್ಲಾಪುರಿ ಚಾದರಗಳನ್ನು ಮಡಚಿಯೂ ಅವಳ ಕುರ್ಚಿಯ ಹಿಂದೆ ಮತ್ತು ಬಲಗಡೆ ಹಗ್ಗ ಕಟ್ಟಿ ಇಳಿಬಿಟ್ಟೆವು. ಗೋಡೆಗೆ ತೀರ ಒತ್ತಿ ಹಾಕದೆ ನಾಲ್ಕು ಬೆರಳು ಅಂತರ ಬಿಟ್ಟರೆ ಹೀರುವ ಗುಣ ಹೆಚ್ಚುತ್ತದೆ. ಏಕೆಂದರೆ ಗೋಡೆಗೆ ತಾಗುವಲ್ಲಿ ಗಾಳಿಯ ಕಣಗಳ ಓಡಾಟ ನಿಂತಿರುತ್ತದೆ, ಸ್ವಲ್ಪ ದೂರದಲ್ಲಿ ಅದು ಚುರುಕಾಗಿರುತ್ತದೆ. ಕೌದಿಯು ತಗ್ಗಿನ ಸ್ವರಗಳನ್ನು ಹೆಚ್ಚಾಗಿ ತಡೆಯಲಾರದು. ಅದಕ್ಕಾಗಿ ಕಟ್ಟಿಗೆಯ ಚೌಕಟ್ಟಿನಲ್ಲಿ ಆರು ಬೆರಳು ದಪ್ಪಕ್ಕೆ ಹತ್ತಿ ತುಂಬಿ, ಮೇಲೆ ಖಾದಿ ಬಟ್ಟೆ ಹೊದಿಸಿ ಎರಡು ಹಲಗೆಗಳನ್ನು ಮಾಡಿಸಿ ಮೂಲೆಗಳಲ್ಲಿ ನಿಲ್ಲಿಸಿದೆವು. ಕಲ್ಲಿನ ನೆಲದ ಮೇಲೆ ಜಮಖಾನೆ ಬಂದಿತು. ಈಗ ಚಪ್ಪಾಳೆ ತಟ್ಟಿದರೆ ಚಪ್ಪಾಳೆಯೊಂದೇ ಕೇಳುತ್ತದೆ.

ಇನ್ನು ಸದ್ದಿನ ಮಾತು. ನಮ್ಮ ಮನೆಯವರು ಈ ಚರ್ಚೆಯನ್ನೆಲ್ಲ ಅಡುಗೆಮನೆಯಿಂದಲೇ ಕೇಳುತ್ತಿದ್ದವರು, “ಏನ್ರೀ, ಫ್ಯಾನು ಬಂದ್ ಮಾಡಾಕ ರೊಕ್ಕ ಬೀಳಂಗಿಲ್ಲಲ್ರೀ, ಮೊದಲ ಅದನ್ನ ನೋಡ್ರಿ” ಎಂದರು. ಆ ಮಾತಿನಲ್ಲಿ ದೊಡ್ಡ ಸತ್ಯ ಅಡಗಿತ್ತು. ಫೋನಿನಲ್ಲಿರುವ ಮಾಪಕದಿಂದ ಸ್ಥೂಲವಾಗಿ ಅಳೆದಾಗ, ಹಗಲು ಫ್ಯಾನು ತಿರುಗುತ್ತ, ಪಕ್ಕದ ಮನೆಯ ನೀರಿನ ಪಂಪು ಓಡುತ್ತಿದ್ದಾಗ ಕೋಣೆಯ ಸದ್ದು 45 ಡೆಸಿಬೆಲ್‌ನಷ್ಟಿತ್ತು. ರಾತ್ರಿ ಹತ್ತರ ಮೇಲೆ ಫ್ಯಾನು ನಿಲ್ಲಿಸಿ, ಫ್ರಿಜ್ಜನ್ನು ಅರ್ಧ ಗಂಟೆ ಬಂದ್ ಮಾಡಿದಾಗ 30ರ ಆಸುಪಾಸಿಗೆ ಇಳಿಯಿತು. ಪ್ರತಿಯೊಂದು ಮೈಕಿಗೂ ತನ್ನದೇ ಒಂದು ಒಳಸದ್ದು ಇರುತ್ತದೆ. ಸಾಧಾರಣ ಕಂಡೆನ್ಸರ್ ಮೈಕಿನಲ್ಲಿ ಅದು 15ರಿಂದ 20 ಡೆಸಿಬೆಲ್. ಉತ್ತಮ ದರ್ಜೆಯ, ದೊಡ್ಡ ಪದರದ ಮೈಕಿನಲ್ಲಿ 5ರಿಂದ 10. ಈಗ ಓದುಗರೇ ಯೋಚಿಸಲಿ: ಕೋಣೆಯೇ 45ರಷ್ಟು ಗದ್ದಲ ಮಾಡುತ್ತಿರುವಾಗ ಮೈಕಿನ ಮೌನ 18 ಇದ್ದರೇನು, 5 ಇದ್ದರೇನು? ಸಂತೆಯಲ್ಲಿ ಪಿಸುಮಾತು ಕೇಳಲು ಕಿವಿಯನ್ನು ತೊಳೆದುಕೊಂಡಂತಾಗುತ್ತದೆ.

ಮಗಳು ಇದಕ್ಕೆ ತಕ್ಕ ಉತ್ತರ ಕೊಟ್ಟಳು. “ರಾತ್ರಿ ಎಲ್ಲಾ ಶಾಂತ ಇದ್ದಾಗ, ಕಡೀ ಸ್ವರ ಮೆಲ್ಲಕ ಆರೂ ಮುಂದ ಈ ಮೈಕಿನ ಸುಂಯ್ ಅನ್ನೋದು ಕೇಳತೈತಿ ಅಪ್ಪಾಜಿ. ಅದಕ್ಕೇನ್ ಮಾಡ್ತೀರಿ?” ಇದು ನಿಜವೇ. ಆದರೆ ಅದಕ್ಕೂ ಒಂದು ಉಪಾಯ ಅವಳ ಕೈಯಲ್ಲೇ ಇತ್ತು. ಪುಸ್ತಕಗಳ ಮೇಲಿಟ್ಟ ಮೈಕು ಗಿಟಾರಿನಿಂದ ಎರಡು ಅಡಿ ದೂರದಲ್ಲಿತ್ತು. ದೂರ ಅರ್ಧವಾದರೆ ನೇರವಾಗಿ ಬರುವ ನಾದ 6 ಡೆಸಿಬೆಲ್ ಏರುತ್ತದೆ. ಮೈಕಿಗೆ ಸ್ಟ್ಯಾಂಡು ತಂದು, ಒಂದು ಗೇಣಿನಷ್ಟು ಅಂತರಕ್ಕೆ ಸರಿಸಿದ ಮೇಲೆ ವಾದ್ಯದ ನಾದ ಮೇಲೆದ್ದಿತು, ಮೈಕಿನ ಸುಂಯ್‌ಗುಡುವಿಕೆ ಹಿಂದೆ ಬಿದ್ದಿತು. ಜಾಗದ ಆಯ್ಕೆಯೂ ಮುಖ್ಯ. ಗಿಟಾರಿನ ಹೊಟ್ಟೆಯ ದುಂಡು ತೂತಿನ ಎದುರಿಗೇ ಮೈಕಿಟ್ಟರೆ ಒಳಗಿನ ಗಾಳಿಯ ಗುಂಯ್‌ಕಾರವೇ ತುಂಬಿಕೊಳ್ಳುತ್ತದೆ. ಕತ್ತು ಮತ್ತು ಹೊಟ್ಟೆ ಕೂಡುವ ಕಡೆ, ಹನ್ನೆರಡನೆಯ ಮೆಟ್ಟಿನ ಎದುರಿಗೆ ಇಟ್ಟು, ಮುಖವನ್ನು ತುಸು ತೂತಿನ ಕಡೆಗೆ ವಾಲಿಸಿದರೆ ತಂತಿಯ ಝೇಂಕಾರವೂ ಕಟ್ಟಿಗೆಯ ಗಾಂಭೀರ್ಯವೂ ಸಮತೂಕದಲ್ಲಿ ಬರುತ್ತವೆ.

ಮುದ್ರಿಸುವಾಗ ಮಟ್ಟವನ್ನು ತುದಿಯವರೆಗೆ ಏರಿಸುವ ಚಪಲವನ್ನೂ ಬಿಡಬೇಕಾಗುತ್ತದೆ. ಗಣಕಯಂತ್ರದ ಮಾಪಕದಲ್ಲಿ ಸೊನ್ನೆಯೆಂಬುದು ಲಕ್ಷ್ಮಣರೇಖೆ. ಅದನ್ನು ದಾಟಿದ ನಾದ ಒಡೆದುಹೋಗುತ್ತದೆ, ಮತ್ತೆ ಕೂಡಿಸಲು ಬರುವುದಿಲ್ಲ. ಅತಿ ಜೋರಿನ ಮೀಟು ಕೂಡ ಆ ರೇಖೆಯಿಂದ 12 ಡೆಸಿಬೆಲ್ ಕೆಳಗೇ ಉಳಿಯುವಂತೆ ನೋಡಿಕೊಂಡರೆ ಸಾಕು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಾದ್ಯವನ್ನೇ. ಅವಳ ಗಿಟಾರಿನ ತಂತಿಗಳಿಗೆ ಎಂಟು ತಿಂಗಳ ವಯಸ್ಸಾಗಿತ್ತು. ಬೆರಳಿನ ಬೆವರು ಮತ್ತು ಕಿಲುಬು ಕೂಡಿಕೊಂಡರೆ ತಂತಿಯ ಮೇಲಿನ ಸೂಕ್ಷ್ಮ ಸ್ವರಗಳು ಸಾಯುತ್ತವೆ, ನಾದ ಮಂಕಾಗುತ್ತದೆ. ಜೊತೆಗೆ ಧಾರವಾಡದ ಮಳೆಗಾಲ ಕಟ್ಟಿಗೆಯ ವಾದ್ಯಕ್ಕೆ ಕಠಿಣವಾದುದು. ಗಾಳಿಯ ತೇವಾಂಶ ನೂರಕ್ಕೆ 45ರಿಂದ 55ರಷ್ಟಿದ್ದರೆ ಗಿಟಾರು ಸುಖವಾಗಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಮುಖದ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ, ಬೇಸಿಗೆಯಲ್ಲಿ ಒಣಗಿದರೆ ಹಲಗೆ ತಗ್ಗಿ ಸೀಳುವ ಭಯವೂ ಉಂಟು. ವಾದ್ಯ ರಿಪೇರಿ ಮಾಡುವವರಲ್ಲಿ ಒಯ್ದು ತಂತಿಯ ಎತ್ತರ ಸರಿಪಡಿಸಿ, ಹೊಸ ತಂತಿ ಹಾಕಿಸಿದೆವು. ಅಂದು ಸಂಜೆ ಅವಳು ಮೊದಲ ಸ್ವರ ಮೀಟಿದಾಗ ಮನೆಯವರು ಒಲೆ ಸಣ್ಣದು ಮಾಡಿ ಹೊರಗೆ ಬಂದು, “ಹೊಸಾದ್ ತಗೊಂಡ್ರೇನ್ರೀ?” ಎಂದು ಕೇಳಿದರು.

ಇಷ್ಟಾದರೂ ಮಗಳ ಪಟ್ಟಿ ಹಾಗೆಯೇ ಇತ್ತು. ನ್ಯಾಯವಾದ ತೀರ್ಮಾನಕ್ಕೆ ಪರೀಕ್ಷೆಯೇ ದಾರಿ ಎಂದುಕೊಂಡು, ಹುಬ್ಬಳ್ಳಿಯಲ್ಲಿರುವ ಅವಳ ಗೆಳತಿಯಿಂದ ಉತ್ತಮ ದರ್ಜೆಯ ಮೈಕು ಮತ್ತು ಇಂಟರ್‌ಫೇಸನ್ನು ಎರಡು ದಿನದ ಮಟ್ಟಿಗೆ ಎರವಲು ತಂದೆವು. ಒಂದೇ ಜೋಗುಳದ ಧಾಟಿಯನ್ನು, ಅದೇ ಹೊಸ ತಂತಿಯಲ್ಲಿ, ನಾಲ್ಕು ಬಗೆಯಾಗಿ ಮುದ್ರಿಸಿದಳು. ಕೌದಿ, ಜಮಖಾನೆಗಳನ್ನು ತೆಗೆದು ಹಳೆಯ ಜಾಗದಲ್ಲಿ ಕುಳಿತು ಹಳೆಯ ಮೈಕಿನಲ್ಲಿ ಒಂದು. ಅಲ್ಲಿಯೇ ಎರವಲು ಮೈಕಿನಲ್ಲಿ ಎರಡನೆಯದು. ಸಿದ್ಧಪಡಿಸಿದ ಕೋಣೆಯಲ್ಲಿ ಹಳೆಯ ಮೈಕಿನಲ್ಲಿ ಮೂರನೆಯದು. ಅದೇ ಕೋಣೆಯಲ್ಲಿ ಎರವಲು ಮೈಕಿನಲ್ಲಿ ನಾಲ್ಕನೆಯದು. ಜೋರಾಗಿ ಕೇಳುವುದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುವುದು ಸಹಜವಾದ್ದರಿಂದ ನಾಲ್ಕರ ಮಟ್ಟವನ್ನೂ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಬರಿಯ ಅಂಕಿ ಬರೆದು ಇಟ್ಟೆವು.

ಹೆಡ್‌ಫೋನಿನಲ್ಲಿ ಕೇಳಿದ ಮನೆಯವರೂ ಮಗಳೂ ನಾಲ್ಕನೆಯದನ್ನು ಮೊದಲಿಗೆ, ಮೂರನೆಯದನ್ನು ಎರಡನೆಯದಕ್ಕೆ ಇಟ್ಟರು. ಮೊದಲೆರಡು ಬಹಳ ಹಿಂದೆ ಉಳಿದವು. ನಾಲ್ಕನೆಯದರಲ್ಲಿ ಸ್ವರ ಆರುವ ಕೊನೆಯ ಎಳೆ ಇನ್ನಷ್ಟು ದೂರದವರೆಗೆ ಕೇಳುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಸುತ್ತುತಂತಿಯ ಮೇಲೆ ಬೆರಳು ಜಾರುವಾಗಿನ ಕೀಚು ಸದ್ದೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತಿತ್ತು! ಮಗಳು ನಕ್ಕು, “ಇದನ್ನ ಮೈಕ್ ತಿದ್ದಂಗಿಲ್ಲ, ನಾನ ತಿದ್ದಿಕೋಬೇಕು” ಎಂದಳು.

ಕೊನೆಗೆ ನಾಲ್ಕನ್ನೂ ಸೊಲ್ಲಾಪುರಕ್ಕೆ ಕಳಿಸಿದೆವು. ತಾಯಿಯವರು ತಮ್ಮನ ಫೋನಿನಲ್ಲಿ ಒಂದೊಂದಾಗಿ ಕೇಳಿ, ಮರುದಿನ ಹೇಳಿದರು: “ಕಡೀ ಎರಡೂ ಚಲೋ ಅದಾವು ನೋಡವ್ವಾ, ಮಗ್ಗಲದಾಗ ಕುಂತು ಬಾರಿಸಿದಂಗ. ಮೊದಲಿನ್ವು ಎರಡೂ ಬಾವ್ಯಾಗ ಕುಂತು ಬಾರಿಸಿದಂಗ ಅದಾವು.” ಕಡೆಯ ಎರಡರಲ್ಲಿ ಯಾವುದು ಹೆಚ್ಚೆಂದು ಕೇಳಿದರೆ, “ಎರಡೂ ಒಂದ ಅಲ್ಲೇನು?” ಎಂದುಬಿಟ್ಟರು.

ಅವರ ಮಾತಿನಲ್ಲಿ ಆಶ್ಚರ್ಯವೇನೂ ಇಲ್ಲ. ಗಿಟಾರಿನ ಅತಿ ತಗ್ಗಿನ ತಂತಿಯ ಕಂಪನ ಸುಮಾರು 82. ಫೋನಿನ ಬೆರಳಗಲದ ಸ್ಪೀಕರು ಅಷ್ಟು ತಗ್ಗಿನ ಸ್ವರವನ್ನು ನುಡಿಯಲಾರದು. ಮೇಲಿನ ಸ್ವರಗಳಿಂದ ನಮ್ಮ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ಸಾಲದೆಂಬಂತೆ, ವಾಟ್ಸಾಪಿನ ಧ್ವನಿಸಂದೇಶವಾಗಿ ಕಳಿಸಿದ ನಾದವನ್ನು ಆ ಏರ್ಪಾಡು ಹಿಂಡಿ ಕಿರಿದು ಮಾಡುತ್ತದೆ. ನಾವು ಬಾವಿಯ ತಳದಲ್ಲಿ ಎಷ್ಟೇ ಒಳ್ಳೆಯ ನೀರು ತುಂಬಿದರೂ ಆಕೆಗೆ ತಲುಪುವುದು ಕೊಡದ ಬಾಯಿಯಷ್ಟೇ. ಆದ್ದರಿಂದ ಕೇಳುವವರ ಕಡೆಯ ಉಪಕರಣವೇ ಮೊದಲು ಸುಧಾರಿಸಬೇಕಾದದ್ದೆಂದು ನಮಗೆ ಹೊಳೆಯಿತು.

ಈ ನಡುವೆ ದೊಡ್ಡವರ ಉದಾಹರಣೆಗಳನ್ನೂ ನೋಡಿದೆವು. ಅಮೆರಿಕದ ಪ್ರಸಿದ್ಧ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ ಎಂಬ ಧ್ವನಿಮುದ್ರಿಕೆ 1982ರಲ್ಲಿ ಹೊರಬಂದಿತು. ನ್ಯೂಜೆರ್ಸಿಯ ತಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕುಳಿತು, ಟಿಯಾಕ್ 144 ಎಂಬ ನಾಲ್ಕು ಪಥದ ಕ್ಯಾಸೆಟ್ ಯಂತ್ರದಲ್ಲಿ, ಶೂರ್ ಎಸ್‌ಎಂ57 ಎಂಬ ಸರಳವಾದ ಡೈನಮಿಕ್ ಮೈಕುಗಳಿಂದ ಗಿಟಾರು ಮತ್ತು ಕಂಠವನ್ನು ಮುದ್ರಿಸಿದ್ದರು. ಅದು ಬರಿಯ ಕರಡೆಂದೇ ಅವರ ಎಣಿಕೆ. ಬಳಿಕ ದೊಡ್ಡ ಸ್ಟುಡಿಯೋದಲ್ಲಿ ವಾದ್ಯವೃಂದದೊಡನೆ ಅದೇ ಹಾಡುಗಳನ್ನು ಮುದ್ರಿಸಿ ನೋಡಿದರೂ ಕ್ಯಾಸೆಟ್ಟಿನ ಭಾವ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟನ್ನೇ ಲೋಕಕ್ಕೆ ಕೊಟ್ಟರು.

ಇದನ್ನು ಕೇಳಿ ಒಳ್ಳೆಯ ಉಪಕರಣವೇ ವ್ಯರ್ಥವೆನ್ನುವಂತಿಲ್ಲ. ನಮ್ಮ ದೇಶದ ವಿಶ್ವಮೋಹನ ಭಟ್ಟರು ಗಿಟಾರನ್ನು ಮಾರ್ಪಡಿಸಿ ಮೋಹನವೀಣೆಯನ್ನು ರೂಪಿಸಿದವರು. ಅವರು 1992ರಲ್ಲಿ ರೈ ಕೂಡರ್ ಅವರೊಡನೆ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಪ್ರಾರ್ಥನಾ ಮಂದಿರವೊಂದರಲ್ಲಿ ನುಡಿಸಿದ ‘ಎ ಮೀಟಿಂಗ್ ಬೈ ದಿ ರಿವರ್’ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದನ್ನು ಮುದ್ರಿಸಿದವರು ಅತ್ಯುತ್ತಮ ಮೈಕುಗಳನ್ನೇ ಬಳಸಿದ್ದರು. ಆದರೆ ಮೊದಲು ಒಳ್ಳೆಯ ಸ್ಥಳವನ್ನು ಆರಿಸಿಕೊಂಡಿದ್ದರು, ಅಲ್ಲಿ ಕುಳಿತವರು ದಶಕಗಳ ಸಾಧನೆಯವರಾಗಿದ್ದರು. ಆ ಎರಡೂ ಇದ್ದಲ್ಲಿ ಉತ್ತಮ ಮೈಕು ಸಾರ್ಥಕವಾಗುತ್ತದೆ. ಅವಿಲ್ಲದಿದ್ದಲ್ಲಿ ಅದು ಕೊರತೆಗಳನ್ನೇ ಸ್ಪಷ್ಟವಾಗಿ ತೋರಿಸುತ್ತದೆ.

ಹೀಗೆ ನಮ್ಮ ತೀರ್ಮಾನ ತಾನಾಗಿಯೇ ರೂಪುಗೊಂಡಿತು. ಗಿಟಾರಿನ ದುರಸ್ತಿ ಮತ್ತು ಎರಡು ಜೊತೆ ತಂತಿಗೆ ₹2,400, ಮೈಕಿನ ಸ್ಟ್ಯಾಂಡಿಗೆ ₹1,100, ಕಿವಿ ಮುಚ್ಚುವ ಹೆಡ್‌ಫೋನಿಗೆ ₹3,200, ಹತ್ತಿಯ ಹಲಗೆಗಳಿಗೆ ₹2,800, ಸೊಲ್ಲಾಪುರದಲ್ಲಿ ತಾಯಿಯವರ ಹಾಸಿಗೆಯ ಬಳಿ ಇಡಲು ಒಂದು ಚಿಕ್ಕ ಸ್ಪೀಕರಿಗೆ ₹2,500, ಒಟ್ಟು ₹12,000. ಧ್ವನಿಸಂದೇಶದ ಬದಲಾಗಿ ಕಡತದ ರೂಪದಲ್ಲಿಯೇ ಕಳಿಸುವ ಪದ್ಧತಿ ಮಾಡಿಕೊಂಡೆವು. ಹಾಗೆ ಕಳಿಸಿದರೆ ನಾದ ಹಿಂಡಿಹೋಗದೆ ಇದ್ದಂತೆಯೇ ತಲುಪುತ್ತದೆ. ಉಳಿದ ₹30,500 ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಅದು ಮೈಕಿನ ಹಣವೇ. ಸಿದ್ಧಪಡಿಸಿದ ಕೋಣೆಯಲ್ಲಿ, ಹೊಸ ತಂತಿಯಲ್ಲಿ, ಬೆರಳಿನ ಕೀಚು ಸದ್ದೂ ಅಡಗಿದ ಮೇಲೆ ಇನ್ನೂ ಮೈಕೇ ಅಡ್ಡಿಯೆಂದು ಅವಳಿಗೆ ತೋರಿದ ದಿನ ಮರುಮಾತಿಲ್ಲದೆ ಕೊಳ್ಳಬಹುದೆಂದು ಒಪ್ಪಂದವಾಗಿದೆ. ಆ ದಿನ ಬರಲಿ ಎಂಬುದೇ ನಮ್ಮ ಹಾರೈಕೆಯೂ ಹೌದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ತೀರ್ಮಾನವನ್ನು ಮಗಳೇ ಮಾಡಿದಳು. ಹೊಸ ಮೈಕು ಬಂದ ಮೇಲೆ ಆಯಿಯ ಕಂಠವನ್ನು ಮುದ್ರಿಸಬೇಕೆಂದು ಅವಳು ಆರು ತಿಂಗಳಿನಿಂದ ಮುಂದೂಡುತ್ತಿದ್ದಳು. ಉಪಕರಣ ಸಿದ್ಧವಾಗುವವರೆಗೆ ಕಾಲ ಕಾಯುವುದಿಲ್ಲವೆಂಬುದು ಅವಳಿಗೆ ಮನದಟ್ಟಾಯಿತು. ಹಳೆಯ ಮೈಕು, ಹೊಸ ಸ್ಟ್ಯಾಂಡು, ಗಿಟಾರುಗಳನ್ನು ಕಟ್ಟಿಕೊಂಡು ಗದಗ, ಬಾಗಲಕೋಟೆ, ವಿಜಯಪುರ ಮಾರ್ಗವಾಗಿ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದೆವು. ಬಿಸಿಲಿನ ದಿನಗಳಾದ್ದರಿಂದ ಫ್ಯಾನು ನಿಲ್ಲಿಸಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂಡಿಸುವಂತಿರಲಿಲ್ಲ. ನಸುಕಿನಲ್ಲಿ ಎದ್ದು, ತಂಪು ಹೊತ್ತಿನಲ್ಲಿ, ಹಾಸಿಗೆಯ ಸುತ್ತ ಚಾದರ ಇಳಿಬಿಟ್ಟು, ಬಾಯಿಂದ ಒಂದು ಗೇಣು ದೂರಕ್ಕೆ ಮೈಕಿಟ್ಟು ನಾಲ್ಕು ದಿನಗಳಲ್ಲಿ ಹದಿನಾಲ್ಕು ಪದಗಳನ್ನು ತುಂಬಿಕೊಂಡೆವು. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆ. ಎಲ್ಲವನ್ನೂ ಹಿಂಡದ ಕಡತಗಳಾಗಿ ಮೂರು ಬೇರೆಬೇರೆ ಕಡೆ ಇಟ್ಟಿದ್ದೇವೆ. ಒಂದು ಪ್ರತಿ ತಮ್ಮನ ಮನೆಯಲ್ಲಿದೆ. ಮಗಳು ಈಗ ಆ ಧಾಟಿಗಳನ್ನು ಒಂದೊಂದಾಗಿ ಗಿಟಾರಿಗೆ ಇಳಿಸುತ್ತಿದ್ದಾಳೆ. ತಿದ್ದುವ ಕಾಯಕವನ್ನು ಆಯಿ ಮುಂದುವರಿಸಿದ್ದಾರೆ. ಚಿಕ್ಕ ಸ್ಪೀಕರು ಬಂದ ಮೇಲೆ ಅವರ ತಪ್ಪು ಹಿಡಿಯುವಿಕೆ ಮೊದಲಿಗಿಂತ ಹೆಚ್ಚಾಗಿದೆ ಎಂಬುದು ಮೊಮ್ಮಗಳ ದೂರು.

ನಮ್ಮಂತೆಯೇ ಮಕ್ಕಳ ಬೇಡಿಕೆಗಳ ಮುಂದೆ ನಿಂತಿರುವ ಪಾಲಕರಲ್ಲಿ ಒಂದು ವಿನಂತಿ. ಮಕ್ಕಳು ಉತ್ತಮ ಸಾಧನವನ್ನು ಕೇಳಿದಾಗ ಅದು ದುಂದುಗಾರಿಕೆಯೆಂದು ಗದರಿ ಕಳಿಸುವುದೂ ಬೇಡ, ಪ್ರೀತಿಯ ಹೆಸರಿನಲ್ಲಿ ಕೇಳಿದೊಡನೆ ಹಣ ಎಣಿಸಿ ಕೊಡುವುದೂ ಬೇಡ. ಅವರ ಜೊತೆ ಅವರ ಕೋಣೆಯಲ್ಲಿ ಒಂದು ಹೊತ್ತು ಕುಳಿತು, ಕೊರತೆ ಇರುವುದೆಲ್ಲಿ ಎಂದು ಕೂಡಿ ಹುಡುಕಿರಿ. ವಾದ್ಯ, ಕೈ, ಕೋಣೆ, ಮೈಕಿನ ಸ್ಥಾನ ಇವು ನಾಲ್ಕೂ ಸರಿಯಾದ ಮೇಲೆ ಮೈಕಿನ ಬೆಲೆಯ ಮಾತು ಬರಲಿ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಯಾವ ಉಪಕರಣಕ್ಕೂ ಕಾಯದೆ, ಕೈಯಲ್ಲಿರುವ ಫೋನಿನಲ್ಲಿಯಾದರೂ ಸರಿ, ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಹತ್ತಿರದಲ್ಲಿ ಹಿಡಿದು ಇಂದೇ ಅವರ ಧ್ವನಿಯನ್ನು ಉಳಿಸಿಕೊಳ್ಳಿರಿ.